ಸ್ಟಾರ್ ಟ್ರೆಕ್‌ನಂಥ ಬಾಹ್ಯಾಕಾಶ ಸೀರಿಯಲ್‌ಗಳ ನಟರು ಬೇರೆ ಸಿನಿಮಾದಲ್ಲಿ ಬಂದರೆ ಮುಖ ಗೊತ್ತಾಗುತ್ತೆ, ಆದರೆ ಯಾರು ಅಂತ ಹೊಳೆಯಲ್ಲ. ಏಕೆ?

ದಿನಾ ನೋಡುವ ಸಿಟಿ ಬಸ್ ಕಂಡಕ್ಟರ್, ಖಾಕಿ ಇಲ್ಲದೆ ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಕೊಳ್ಳುತ್ತಾ ಸಿಕ್ಕರೆ ಏನಾಗುತ್ತದೆ? ಮುಖ ಪರಿಚಿತ, ಆದರೆ ಯಾರೆಂದು ನೆನಪಾಗುವುದಿಲ್ಲ. ಮುಖದ ಜೊತೆ ಬಟ್ಟೆ, ಜಾಗವನ್ನೂ ಸೇರಿಸಿ ನೆನಪಿಟ್ಟುಕೊಂಡಿರುತ್ತೇವೆ, ಅದಕ್ಕೇ.

ಈ ಸೀರಿಯಲ್‌ಗಳಲ್ಲಿ ಮೇಕಪ್ ಕಾಟ ಬೇರೆ. ಬ್ಯಾಬಿಲಾನ್ 5 ಅನ್ನೋ ಇನ್ನೊಂದು ಸೀರಿಯಲ್‌ನಲ್ಲಿ ಅನ್ಯಗ್ರಹದ ಜಿಕಾರ್ ಪಾತ್ರದ ಆಂಡ್ರಿಯಾಸ್ ಕಟ್ಸುಲಾಸ್ ಮುಖವೆಲ್ಲ ಹಾವಿನ ಚರ್ಮದಂಥ ಮುಖವಾಡ. ಅದೇ ಮನುಷ್ಯ 1993ರ ದಿ ಫ್ಯುಜಿಟಿವ್ ಚಿತ್ರದಲ್ಲಿ ಒಂಟಿ ಕೈಯ ಕೊಲೆಗಾರ! ನಾನು ಆ ಚಿತ್ರವನ್ನು ಎರಡು ಸಲ ನೋಡಿದರೂ ಗೊತ್ತಾಗಿರಲಿಲ್ಲ. ಮೂರನೇ ಸಲ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಾಗ ಬರೀ ದನಿ ಕೇಳಿ ಓಡಿ ಬಂದೆ.

ಹಾಗಾಗಿ ಕಣ್ಣಿಗಿಂತ ಕಿವಿಯನ್ನು ಜಾಸ್ತಿ ನಂಬಿ. ಡಬ್ಬಿಂಗ್ ಆವೃತ್ತಿಯಲ್ಲಿ ಮಾತ್ರ ಈ ಉಪಾಯ ನಡೆಯಲ್ಲ.

ಹಳೆಯ ಚಿತ್ರಗಳನ್ನೂ ಕೆದಕಿ. ಸ್ಟಾರ್ ಟ್ರೆಕ್‌ನಲ್ಲಿ ಕ್ಯಾಪ್ಟನ್ ಪಿಕಾರ್ಡ್ ಆಗಿ ಹೆಸರಾದ ಪ್ಯಾಟ್ರಿಕ್ ಸ್ಟೀವರ್ಟ್ ಅದಕ್ಕೂ ಮೊದಲೇ, 1984ರ ಡ್ಯೂನ್‌ನಲ್ಲಿದ್ದಾರೆ. ವಿಲಿಯಂ ಶಾಟ್ನರ್ ಸ್ಟಾರ್ ಟ್ರೆಕ್‌ನ ಕ್ಯಾಪ್ಟನ್ ಕರ್ಕ್ ಆಗುವ ಮುಂಚೆ, 1963ರಲ್ಲಿ, ದಿ ಟ್ವೈಲೈಟ್ ಝೋನ್‌ನ ಒಂದು ಕಂತಿನಲ್ಲಿ ವಿಮಾನದ ರೆಕ್ಕೆ ಮೇಲೆ ಭೂತ ಕಂಡು ನಡುಗುವ ಪ್ರಯಾಣಿಕ. ಅಷ್ಟು ಧೈರ್ಯದ ಕ್ಯಾಪ್ಟನ್ ಹಾಗೆ ಬೆವರುವುದನ್ನು ನೋಡೋದೇ ಒಂದು ಮಜಾ ಅಲ್ವಾ?

ಏನೂ ಹೊಳೆಯದಿದ್ದರೆ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿ ನೋಡಿ. ನಮ್ಮ ಮನೆಯಲ್ಲಿ ಅದು ಮೋಸ.