ಸೊಸೆಯ ತಲೆನೋವು ನೆಪವಾ?

ಸಕಲೇಶಪುರದ ಕಡೆಯ ಓದುಗರೊಬ್ಬರು (ಹೆಸರು ಹಾಕಬೇಡಿ ಅಂದಿದ್ದಾರೆ) ಬರೆದಿದ್ದಾರೆ: "ನಮ್ಮ ಸೊಸೆಗೆ ತಿಂಗಳಿಗೆ ಮೂರು ನಾಲ್ಕು ಸಲ ಅರೆತಲೆನೋವು. ಬಂದರೆ ಕತ್ತಲೆ ಕೋಣೆ ಸೇರಿಬಿಡುತ್ತಾಳೆ. ಕಾಫಿ ಹೂ ಬಿಟ್ಟಾಗ ಎಲ್ಲರೂ ತೋಟದಲ್ಲಿ ಫೋಟೋ ತೆಗೆಸಿಕೊಂಡರೆ, ಇವಳು ವಾಸನೆ ಆಗಲ್ಲ ಅಂತ ಕಿಟಕಿ ಮುಚ್ಚುತ್ತಾಳೆ. ಎರಡು ದಿನ ಬಿಟ್ಟು ನೋಡಿದರೆ ನಗುನಗುತ್ತಾ ಓಡಾಡುತ್ತಾಳೆ. ಸ್ಕ್ಯಾನಿಂಗ್‌ನಲ್ಲೂ ಏನಿಲ್ಲ. ನಾವೂ ತಲೆಗೆ ಬಟ್ಟೆ ಬಿಗಿದುಕೊಂಡು ಕೆಲಸ ಮಾಡಿದವರೇ. ಇದು ನೆಪ ಅಲ್ವಾ?"

ಸಂಪಾದಕರ ಉತ್ತರ:

ಅಲ್ಲಮ್ಮಾ. ನಿಮಗೆ ಅನುಮಾನ ತಂದ ಸಂಗತಿಗಳೆಲ್ಲಾ ಮೈಗ್ರೇನ್‌ನಲ್ಲಿ, ಅಂದರೆ ಈ ಅರೆತಲೆನೋವಿನಲ್ಲಿ, ಕಾಣುವಂಥವೇ. ಬೆಳಕು, ಸದ್ದು, ವಾಸನೆ ಯಾವುದೂ ಸೇರುವುದಿಲ್ಲ. ಮೆಟ್ಟಿಲು ಹತ್ತಿದರೂ ನೋವು ಜಾಸ್ತಿ. ಔಷಧಿ ಇಲ್ಲದಿದ್ದರೆ 4ರಿಂದ 72 ಗಂಟೆ ಕಾಡಿ, ಆಮೇಲೆ ತಾನಾಗಿ ಬಿಡುತ್ತದೆ. ಸ್ಕ್ಯಾನಿಂಗ್‌ನಲ್ಲಿ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಡಾಕ್ಟರು ಕೇಳಿಯೇ ಕಂಡುಹಿಡಿಯಬೇಕು.

ಇನ್ನು ಆ ನಗುನಗುತ್ತಾ ಓಡಾಡುವ ದಿನಗಳು. ಎಷ್ಟೋ ಜನರಿಗೆ ನೋವಿನ ಹಿಂದಿನ ದಿನವೇ ಆಕಳಿಕೆ, ಕತ್ತು ಬಿಗಿತ, ಸುಮ್ಸುಮ್ನೆ ಸಿಡುಕು ಶುರುವಾಗುತ್ತದೆ. ನೋವು ಇಳಿದ ಮೇಲೂ ಒಂದು ದಿನ ತಲೆ ಮಂಕು, ಮೈಯಲ್ಲಿ ಶಕ್ತಿ ಇರುವುದಿಲ್ಲ. ಅಷ್ಟರಲ್ಲಿ ಬಟ್ಟೆ ರಾಶಿ ಬಿದ್ದಿರುತ್ತದೆ, ಮಗುವಿನ ಹೋಂವರ್ಕ್ ಉಳಿದಿರುತ್ತದೆ. ಮೂರು ನಾಲ್ಕು ಸಲ ಅಂದರೆ ಮೂರು ನಾಲ್ಕೇ ದಿನ ಅಲ್ಲ. ಅದರ ಮೇಲೆ ಭಯ ಬೇರೆ. ಮದುವೆಗೆ ಬರ್ತೀನಿ ಅಂತ ಬಾಯ್ತುಂಬಾ ಹೇಳೋಕಾಗಲ್ಲ. ಊಟ ತಡವಾಗಿ ನೋವು ಬಂದರೆ? ಘಾಟಿಯ ಬಸ್ಸಲ್ಲೇ ಶುರುವಾದರೆ? ಕೊನೆಗೆ ಎಲ್ಲಿಗೂ ಬರಲ್ಲ ಅನ್ನುವ ಹೆಸರು.

ಬೆಂಗಳೂರು ಸುತ್ತಮುತ್ತಲ ಊರು, ಹಳ್ಳಿಗಳಲ್ಲಿ 18ರಿಂದ 65 ವರ್ಷದವರನ್ನು ಕೇಳಿ ನಡೆಸಿದ ಸಮೀಕ್ಷೆಯಲ್ಲಿ, ಒಂದು ವರ್ಷದೊಳಗೆ ಶೇ. 25ರಷ್ಟು ಜನರಿಗೆ ಮೈಗ್ರೇನ್ ಕಂಡಿತ್ತು. ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ. (ನಿಮ್ಮ ಆ ತಲೆಬಟ್ಟೆಯ ಕಾಲದ ನೋವೂ ಇದೇ ಇದ್ದಿರಬಹುದು, ಯಾರೂ ಹೆಸರಿಟ್ಟು ಹೇಳಿರಲಿಲ್ಲ ಅಷ್ಟೇ.)

ನಷ್ಟ ಎಷ್ಟು ಅಂತ ಅಳೆಯಲು ಡಾಕ್ಟರುಗಳು ಬಳಸುವ ಐದು ಪ್ರಶ್ನೆಗಳಿವೆ, 'ಮೈಡಾಸ್' ಅಂತಾರೆ. ಕಳೆದ ಮೂರು ತಿಂಗಳಲ್ಲಿ ಎಷ್ಟು ದಿನ ಕೆಲಸ ತಪ್ಪಿತು, ಎಷ್ಟು ದಿನ ಅರ್ಧಕ್ಕರ್ಧ ಆಯಿತು, ಮನೆಗೆಲಸದ್ದು ಎಷ್ಟು, ನೆಂಟರಿಷ್ಟರ ಕಾರ್ಯ ಎಷ್ಟು ತಪ್ಪಿತು ಅಂತ. ಒಟ್ಟು 21 ದಿನ ಅಥವಾ ಅದಕ್ಕಿಂತ ಜಾಸ್ತಿ ಆದರೆ ತೊಂದರೆ ತೀವ್ರ ಅಂತಲೇ ಲೆಕ್ಕ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೆಡಿಕಲ್ ಶಾಪಿನ ನೋವಿನ ಮಾತ್ರೆ ತಿಂಗಳಿಗೆ 10–15 ದಿನ ನುಂಗುತ್ತಾ ಹೋದರೆ, ಆ ಮಾತ್ರೆಯೇ ತಲೆನೋವು ತರಬಹುದು. ಪದೇ ಪದೇ ಬರುವವರಿಗೆ, ಬರದಂತೆ ತಡೆಯುವ ಔಷಧಿಗಳೇ ಬೇರೆ ಇವೆ. ಹಾಸನದ ಹಿಮ್ಸ್ ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ತೋರಿಸಿ. ಹಿಂದೆಂದೂ ಬರದಂಥ ನೋವು ಸಿಡಿಲಿನಂತೆ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಮಾತ್ರ ಕಾಯಬೇಡಿ, ಆಗಲೇ ಹೊರಡಿ.

ತೋರಿಸಲು ಹೋಗುವಾಗ ನೀವೂ ಜೊತೆಗಿರಿ. ಡಾಕ್ಟರ ಮುಂದೆ ಸೊಸೆ "ಏನೋ ಪರವಾಗಿಲ್ಲ" ಅಂದುಬಿಡಬಹುದು. ಎಷ್ಟು ದಿನ ಅಡುಗೆಮನೆ ನಿಮ್ಮ ಪಾಲಿಗೆ ಬಂತು ಅನ್ನುವ ಲೆಕ್ಕ ನಿಮ್ಮ ಹತ್ತಿರವೇ ಇರುತ್ತದಲ್ಲ, ಅದನ್ನು ನೀವೇ ಹೇಳಿ.