ರೈಲಿನಲ್ಲಿ ಸಿಗುವ 1971ರ ಯುದ್ಧದ ಹಿರಿಯ ಸೈನಿಕರನ್ನು ಏನೇನು ಕೇಳಬೇಕು?

ಪ್ರಶ್ನೆಗಳ ಪಟ್ಟಿ ಕೊಡಿ ಅಂದಿದ್ದೀರಿ. ಪಟ್ಟಿಯೇ ಬೇಡ. ನಾನು ಒಂದೇ ಒಂದು ತಾರೀಖು ಹಿಡಿದು ಹೊರಟು ಒಳ್ಳೆಯ ಮಾತುಕತೆ ಕೆಡಿಸಿಕೊಂಡೆ.

ಎದುರು ಸೀಟಿನ ಅಜ್ಜ ಪಿಟಿ-76 ಟ್ಯಾಂಕಿನ ಡ್ರೈವರ್ ಆಗಿದ್ದವರು. ಮೂವರೇ ಕೂರುವ, ನೀರಲ್ಲೂ ಈಜುವ ಹಗುರ ಟ್ಯಾಂಕು ಅದು. ಹೊಳೆಗಿಳಿಯುವ ಮುಂಚೆ ಮೂತಿಯ ಮೇಲಿನ ತಗಡು ಎತ್ತಿ ನಿಲ್ಲಿಸಬೇಕು, ಒಳಗೆ ಸೋರುವ ನೀರು ಹೊರಹಾಕುವ ಪಂಪು ಚಾಲೂ ಮಾಡಬೇಕು. ತಗಡು ಎತ್ತದಿದ್ದರೆ ಅಲೆ ಮುಂಭಾಗದ ಮೇಲೇ ಏರಿ ಬರುತ್ತದೆ. ಹಿಂದೆ ಎರಡು ನೀರಿನ ಜೆಟ್. ಎಡಕ್ಕೆ ತಿರುಗಬೇಕಾದರೆ ಎಡಗಡೆಯದನ್ನು ಮುಚ್ಚಬೇಕು. ಇದನ್ನು ಹೇಳುವಾಗ ಅವರ ಎಡಗೈ ತೊಡೆಯ ಮೇಲಿದ್ದ ಟವೆಲ್ಲನ್ನು ಲಿವರಿನ ಹಾಗೆ ಹಿಂದಕ್ಕೆಳೆಯಿತು.

ಆಮೇಲೆ, "ನವೆಂಬರ್‌ನಾಗೇ ನಾವು ಗಡಿ ದಾಟಿದ್ವಿ" ಅಂದರು. ನಾನು ಫೋನ್ ತೆಗೆದು, "ಇಲ್ಲ ಅಜ್ಜ, ಯುದ್ಧ ಶುರುವಾಗಿದ್ದು ಡಿಸೆಂಬರ್ 3" ಎಂದು ತೋರಿಸಿದೆ. "ಇರಬೇಕು ತಮ್ಮಾ" ಅಂದು ಟವೆಲ್ ಮಡಚಿಟ್ಟರು.

ತಪ್ಪು ನನ್ನದೇ. ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಶ್ಚಿಮದ ವಾಯುನೆಲೆಗಳ ಮೇಲೆ ಬಾಂಬ್ ಹಾಕಿದವು; ಪುಸ್ತಕದ ಯುದ್ಧ ಅಲ್ಲಿಂದ ಶುರು. ಪೂರ್ವದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದ ಕಡೆ, ಕಾದಾಟ ಆಗಲೇ ನಡೆದಿತ್ತು. ನವೆಂಬರ್ 20-21ರಂದು ಅಲ್ಲಿನ ಗರೀಬ್‌ಪುರದಲ್ಲಿ ನಮ್ಮ 14 ಪಂಜಾಬ್ ಪಲ್ಟನ್ನೂ 45 ಕ್ಯಾವಲ್ರಿ ಅನ್ನುವ ಟ್ಯಾಂಕು ದಳದ ಇದೇ ಪಿಟಿ-76ಗಳೂ ಮಂಜಿನಲ್ಲಿ ಪಾಕಿಸ್ತಾನದ ಷಾಫೀ ಟ್ಯಾಂಕುಗಳನ್ನು ಎದುರಿಸಿದ್ದವು. 22ಕ್ಕೆ ಅದೇ ಗಡಿಯ ಬೊಯ್ರಾ ಮೇಲೆ ನಮ್ಮ ನ್ಯಾಟ್ ಯುದ್ಧವಿಮಾನಗಳು ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಹೊಡೆದುರುಳಿಸಿದವು, 23ಕ್ಕೆ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ತುರ್ತುಪರಿಸ್ಥಿತಿ ಘೋಷಿಸಿದರು. ಫೋನಿನಲ್ಲಿದ್ದದ್ದು ಸುಳ್ಳಲ್ಲ, ಆದರೆ ಅದು ಬೇರೆಯದೇ ಗಡಿಯ ತಾರೀಖು. ಅಜ್ಜ ನಿಜವಾಗಿಯೂ ತಪ್ಪು ಹೇಳಿದ್ದರು ಅಂತಲೇ ಇಟ್ಟುಕೊಳ್ಳಿ, ತಿದ್ದಿ ನನಗೇನು ಬರಬೇಕಿತ್ತು? ತಾರೀಖು ಎಲ್ಲಿ ಬೇಕಾದರೂ ಸಿಗುತ್ತದೆ, ಆ ಟವೆಲ್ಲಿನ ಲಿವರ್ ಎಲ್ಲೂ ಸಿಗುವುದಿಲ್ಲ.

ಹಾಗಾಗಿ ಯುದ್ಧದ ಬಗ್ಗೆ ಕೇಳಲೇಬೇಡಿ, ಕೆಲಸದ ಬಗ್ಗೆ ಕೇಳಿ. "ನಿಮ್ಮದು ಯಾವ ಟ್ರೇಡ್?" ಅಂದರೆ ಸಾಕು, ಅಡುಗೆಯವರಿರಲಿ, ಸಿಗ್ನಲ್‌ನವರಿರಲಿ, ಮಾತು ತಾನಾಗಿ ಬರುತ್ತದೆ. ಎಷ್ಟು ಜನರನ್ನು ಹೊಡೆದಿರಿ ಅನ್ನುವ ಪ್ರಶ್ನೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಎದೆಯ ಮೇಲೆ ಪದಕಗಳಿದ್ದರೆ ಅರ್ಧ ಉತ್ತರ ಅಲ್ಲೇ ಇದೆ: ಪೂರ್ವಿ ಸ್ಟಾರ್ ಪೂರ್ವ ರಂಗಕ್ಕೆ, ಪಶ್ಚಿಮಿ ಸ್ಟಾರ್ ಪಶ್ಚಿಮಕ್ಕೆ. ಸಂಗ್ರಾಮ್ ಮೆಡಲ್ ನೋಡಿ ರಂಗ ಹೇಳಲಾಗದು.

ಎಲ್ಲಿ ಕೂರುತ್ತೀರಿ ಅನ್ನುವುದೂ ಮುಖ್ಯ. ರೈಫಲ್ಲನ್ನು ಬಲಭುಜಕ್ಕಿಟ್ಟು ಹಾರಿಸಿದವರಿಗೆ ನಳಿಗೆ ಕಡೆಗಿರುವ ಎಡಗಿವಿಯೇ ಸಾಮಾನ್ಯವಾಗಿ ಹೆಚ್ಚು ಮಂದ, ಆದ್ದರಿಂದ ಅವರ ಬಲಕ್ಕೆ ಕುಳಿತು ನಿಧಾನ ಮಾತಾಡಿ. ಮಾತಿನ ನಡುವೆ ಫೋನ್ ತೆಗೆಯಬೇಡಿ. ಇಳಿದ ಗಂಟೆಯೊಳಗೆ ಅವರದೇ ಪದಗಳಲ್ಲಿ ಬರೆದಿಟ್ಟುಕೊಳ್ಳಿ, ತಡವಾದರೆ ನಿಮ್ಮ ಮಾತು ಅದರಲ್ಲಿ ಬೆರೆತುಬಿಡುತ್ತದೆ. ಅನುಮಾನ ಬಂದಲ್ಲಿ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ, ಮನೆಗೆ ಬಂದು ನೋಡಿ.

ಯಾವ ಹೊಳೆ ದಾಟಿದಿರಿ ಅಂತ ನಾನು ಕೇಳುವಷ್ಟರಲ್ಲಿ ಅವರ ಸ್ಟೇಷನ್ ಬಂದಿತ್ತು.