ದೊಡ್ಡವರ ಸಂಬಳ ಏರಿದರೆ ಷೇರು ಬೀಳುತ್ತಾ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ನಿವೃತ್ತಿಯ ಹಣದಲ್ಲಿ ಕೊಂಡ ಇನ್ಫೊಸಿಸ್ ಷೇರು ಸ್ವಲ್ಪ ನನ್ನ ಹತ್ತಿರ ಇದೆ. 2017ರಲ್ಲಿ ಸಂಬಳದ ಜಗಳ ಎದ್ದು ಷೇರು ಬಿತ್ತು. ಮೇಲಿನವರ ಸಂಬಳ ಏರಿಸಿದರೆ ಬೆಲೆ ಇಳಿಯುತ್ತದೆ ಅಂತಲೇ ಅರ್ಥವಾ? ಓಟು ಹಾಕಿ ಅಂತ ಪ್ರತಿ ವರ್ಷ ಇಮೇಲ್ ಬರುತ್ತದೆ. ನನ್ನಂಥವನ ಓಟಿನಿಂದ ಏನಾದೀತು?"

ಸಂಪಾದಕರ ಉತ್ತರ:

ಜಗಳ ಆಗಿದ್ದೂ ನಿಜ, ಷೇರು ಬಿದ್ದಿದ್ದೂ ನಿಜ. ಆದರೆ ಎರಡರ ತಾರೀಖನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಕಂಪನಿ ಬಿಟ್ಟ ಹಣಕಾಸು ಮುಖ್ಯಸ್ಥರಿಗೆ 17.38 ಕೋಟಿ ರೂಪಾಯಿ ಕೊಡಲು ಆಡಳಿತ ಮಂಡಳಿ ಒಪ್ಪಿತ್ತು ಎಂಬ ವಿಷಯದಿಂದ ಅಸಮಾಧಾನ ಶುರುವಾಯಿತು. ಆಮೇಲೆ ಬಂದದ್ದು ಸಿಒಒ (ದಿನನಿತ್ಯದ ವ್ಯವಹಾರದ ಮುಖ್ಯಸ್ಥ) ಪ್ರವೀಣ್ ರಾವ್ ಅವರ ಸಂಬಳ ಏರಿಸುವ ನಿರ್ಣಯ. ಅದನ್ನು ಷೇರುದಾರರ ಓಟಿಗೆ ಹಾಕಿದ್ದರು. ಉಳಿದ ನೌಕರರಿಗೆ ಶೇ 6ರಿಂದ 8 ಏರಿಸಿ, ಮೇಲಿನವರಿಗೆ ಶೇ 60-70 ಏರಿಸುವುದು ಸರಿಯಲ್ಲ ಎಂದು ಕಂಪನಿಯ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ಬಹಿರಂಗವಾಗಿ ಬರೆದರು. ತಾವು ಓಟು ಹಾಕಲಿಲ್ಲ ಎಂದೂ ಹೇಳಿದರು. ನಿರ್ಣಯ ಸುಮಾರು ಶೇ 67 ಓಟು ಪಡೆದು ಪಾಸಾಯಿತು. ಇದು 2017ರ ಏಪ್ರಿಲ್ ಶುರುವಿನ ಮಾತು. ಆಗ ಷೇರು 1,020 ರೂಪಾಯಿ ಆಸುಪಾಸಿನಲ್ಲಿತ್ತು. ನಡುವೆ ಇಳಿದು ಏರಿ, ಆಗಸ್ಟ್ 17ರಂದೂ ಹೆಚ್ಚುಕಡಿಮೆ ಅಲ್ಲೇ ಇತ್ತು! ಇಷ್ಟೂ ತಿಂಗಳು ಪತ್ರಿಕೆಗಳ ತುಂಬ ಸಂಬಳದ್ದೇ ಸುದ್ದಿ.

ಷೇರು ಕುಸಿದದ್ದು ಆಗಸ್ಟ್ 18ರಂದು. ಅವತ್ತು ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು. ಮಂಡಳಿ ಮೂರ್ತಿಯವರತ್ತಲೇ ಬೆರಳು ತೋರಿಸಿತು. ಒಂದೇ ದಿನದಲ್ಲಿ ಶೇ 9.6 ಇಳಿದು 923ಕ್ಕೆ ಬಂತು. ಮಾರನೆಯ ದಿನ, ಷೇರಿಗೆ 1,150ರಂತೆ 13,000 ಕೋಟಿ ರೂಪಾಯಿಯ ಬೈಬ್ಯಾಕ್ (ಕಂಪನಿಯೇ ತನ್ನ ಷೇರು ವಾಪಸ್ ಕೊಳ್ಳುವುದು) ಘೋಷಿಸಿದರು. ಹಾಗಿದ್ದೂ ಸೋಮವಾರ ಮಾರುಕಟ್ಟೆ ತೆರೆದಾಗ ಷೇರು ಮತ್ತೆ ಬಿತ್ತು. ಮಾರುಕಟ್ಟೆಯನ್ನು ಹೆದರಿಸಿದ್ದು ಯಾರ ಸಂಬಳವೂ ಅಲ್ಲ. ಕಂಪನಿ ಇನ್ನು ಯಾರ ಕೈಯಲ್ಲಿರುತ್ತದೆ, ಅಮೆರಿಕದ ಗ್ರಾಹಕರು ಏನಂದುಕೊಳ್ಳುತ್ತಾರೆ, ಸ್ಥಾಪಕರಿಗೂ ಮಂಡಳಿಗೂ ಇನ್ನೆಷ್ಟು ದಿನ ಹೀಗೆ? ಇಷ್ಟೇ ಅದರ ಚಿಂತೆ.

ಆಗಸ್ಟ್ 24ರಂದು ಇನ್ನೊಬ್ಬ ಸ್ಥಾಪಕ ನಂದನ್ ನಿಲೇಕಣಿ ಅಧ್ಯಕ್ಷರಾಗಿ ವಾಪಸ್ ಬಂದರು. ಒಂದು ವರ್ಷದೊಳಗೆ ಷೇರು 1,400 ದಾಟಿತು. "ನೋಡಿ, ಒಳ್ಳೆ ಮಂಡಳಿ ಬಂದರೆ ಬೆಲೆ ಏರುತ್ತದೆ" ಎಂದು ಆಗ ಬರೆದವರು ತುಂಬ ಜನ. ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಅದೇ ವರ್ಷ ಟಿಸಿಎಸ್ ಷೇರೂ ಜೋರಾಗಿ ಏರಿತ್ತು. ಅಲ್ಲಿ ಯಾರೂ ಜಗಳವಾಡಿರಲಿಲ್ಲ. ಡಾಲರ್ ಎದುರು ರೂಪಾಯಿ ಇಳಿದಿತ್ತು, ಅದು ಡಾಲರ್‌ನಲ್ಲಿ ಗಳಿಸುವ ಇಡೀ ಐಟಿ ವಲಯಕ್ಕೆ ಅನುಕೂಲ. ನಿಲೇಕಣಿ ಬಂದದ್ದರಿಂದ ಭಯ ಹೋಯಿತು, ಸರಿ. ಏರಿಕೆಯನ್ನೆಲ್ಲ ಅವರ ಲೆಕ್ಕಕ್ಕೆ ಬರೆಯುವುದು ಸುಮ್ನೆ ಕಥೆ ಕಟ್ಟಿದಂತೆ.

2022ರಲ್ಲಿ ಸಿಇಒ ಸಲೀಲ್ ಪಾರೇಖ್ ಅವರ ವಾರ್ಷಿಕ ಸಂಬಳವನ್ನು 79.75 ಕೋಟಿಗೆ ಏರಿಸಿದರು. ಅಂದರೆ ಶೇ 88 ಜಾಸ್ತಿ. ಕೇಳಿದರೆ ತಲೆ ತಿರುಗುತ್ತದೆ, ಅಲ್ವಾ? ಆದರೆ ಹಿಂದಿನ ಹಣಕಾಸು ವರ್ಷದ ಲಾಭ 22,110 ಕೋಟಿ. ಸಾವಿರ ರೂಪಾಯಿ ಲಾಭದಲ್ಲಿ ಮೂರೂವರೆ ರೂಪಾಯಿ ಚಿಲ್ಲರೆ. ಇಷ್ಟಕ್ಕೆ ಷೇರಿನ ಬೆಲೆ ಅಲುಗಾಡುವುದಿಲ್ಲ. ಅದೇ 2023ರ ಏಪ್ರಿಲ್ 17ರಂದು ನೋಡಿ. ಮುಂದಿನ ವರ್ಷ ವರಮಾನ ಶೇ 4ರಿಂದ 7ರಷ್ಟು ಮಾತ್ರ ಬೆಳೆಯಬಹುದು ಎಂದು ಕಂಪನಿ ಹೇಳಿದ ಮೇಲೆ, ಒಂದೇ ದಿನ ಶೇ 9ಕ್ಕೂ ಜಾಸ್ತಿ ಬಿತ್ತು. ಅವತ್ತು ಯಾರೂ ರಾಜೀನಾಮೆ ಕೊಟ್ಟಿರಲಿಲ್ಲ, ಯಾರೂ ಯಾರ ಮೇಲೂ ಪತ್ರ ಬರೆದಿರಲಿಲ್ಲ.

ಹಾಗಂತ ಸಂಬಳ ಎಷ್ಟಾದರೂ ಇರಲಿ ಎಂದು ಹೇಳುತ್ತಿಲ್ಲ. ಸಣ್ಣ ಕಂಪನಿಗಳಲ್ಲಿ, ಅದರಲ್ಲೂ ಪ್ರವರ್ತಕರೇ (ಕಂಪನಿ ಕಟ್ಟಿ ಹಿಡಿತ ಇಟ್ಟುಕೊಂಡವರು) ಎಂಡಿ ಆಗಿರುವಲ್ಲಿ, ಲೆಕ್ಕ ಬೇರೆ. ಲಾಭ ಇಳಿಯುತ್ತಿದ್ದರೂ ಮನೆಯವರ ಸಂಬಳ ಏರುತ್ತಿದ್ದರೆ ಮಂಡಳಿಯಲ್ಲಿ "ಬೇಡ" ಅನ್ನುವವರು ಯಾರೂ ಇಲ್ಲ ಎಂದರ್ಥ. ಅಂಥ ಮಂಡಳಿ ನಾಳೆ ಸಾಲಕ್ಕೂ ತಲೆಯಾಡಿಸುತ್ತದೆ, ನಷ್ಟದ ಖರೀದಿಗೂ ತಲೆಯಾಡಿಸುತ್ತದೆ. ಷೇರುದಾರನ ದುಡ್ಡು ಕರಗುವುದು ಅಲ್ಲಿ. ಅದಕ್ಕೇ ಪ್ರವರ್ತಕ ನಿರ್ದೇಶಕರೊಬ್ಬರ ಸಂಬಳ 5 ಕೋಟಿ ಅಥವಾ ಲಾಭದ ಶೇ 2.5, ಇದರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಿದರೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ವಿಶೇಷ ನಿರ್ಣಯ ಕೇಳುತ್ತದೆ. ಅದಕ್ಕೆ ಬಿದ್ದ ಓಟಿನಲ್ಲಿ ಮುಕ್ಕಾಲು ಪಾಲು ಬೇಕು.

ಈ ಮುಕ್ಕಾಲಿನ ಬಿಸಿ ಗೊತ್ತಾಗಿದ್ದು 2021ರ ಆಗಸ್ಟ್‌ನಲ್ಲಿ, ರಾಯಲ್ ಎನ್‌ಫೀಲ್ಡ್ ಬೈಕ್ ಮಾಡುವ ಐಷರ್ ಮೋಟರ್ಸ್‌ನಲ್ಲಿ. ಸಿದ್ಧಾರ್ಥ ಲಾಲ್ ಅವರನ್ನು ಹೆಚ್ಚಿನ ಸಂಬಳದೊಂದಿಗೆ ಮತ್ತೆ ಎಂಡಿ ಮಾಡುವ ನಿರ್ಣಯಕ್ಕೆ ಸುಮಾರು ಶೇ 73 ಓಟು ಬಿತ್ತು. ಬಿದ್ದುಹೋಯಿತು! ಇನ್ಫೊಸಿಸ್‌ನಲ್ಲಿ 67ಕ್ಕೆ ಗೆಲುವು, ಇಲ್ಲಿ 73ಕ್ಕೆ ಸೋಲು. ಅಲ್ಲಿಯದು ಅರ್ಧ ದಾಟಿದರೆ ಸಾಕಾಗುವ ಸಾಮಾನ್ಯ ನಿರ್ಣಯ. ಐಷರ್‌ನ ಸುಮಾರು ಅರ್ಧ ಷೇರು ಪ್ರವರ್ತಕರ ಕೈಯಲ್ಲೇ ಇತ್ತು. ಅಂದರೆ ಓಟು ಹಾಕಿದ ಹೊರಗಿನವರಲ್ಲಿ ಹೆಚ್ಚಿನವರು ಬೇಡ ಅಂದಿದ್ದರು. ಮಂಡಳಿ ಸಂಬಳದ ಮಿತಿಯನ್ನು ಲಾಭದ ಶೇ 1.5ಕ್ಕೆ ಇಳಿಸಿ ಮತ್ತೆ ಓಟಿಗೆ ತಂದಿತು, ಆಗ ಒಪ್ಪಿಗೆ ಸಿಕ್ಕಿತು. ಓಟಿನ ಕೆಲಸ ಅಂದರೆ ಇದು.

ನಿಮ್ಮೊಬ್ಬರ ಓಟು ಬೆಲೆ ಬದಲಿಸದು. ನಿರ್ಣಯ ಬೀಳಿಸುವವರು ಮ್ಯೂಚುವಲ್ ಫಂಡ್, ವಿಮಾ ಕಂಪನಿ, ವಿದೇಶಿ ಹೂಡಿಕೆದಾರರು. ನಿಮಗೆ ಮ್ಯೂಚುವಲ್ ಫಂಡ್ ಕೂಡ ಇದ್ದರೆ, ನಿಮ್ಮ ದುಡ್ಡಿನ ಮೇಲೆ ಅವರು ಹೇಗೆ ಓಟು ಹಾಕಿದರು ಎಂಬುದನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಒಮ್ಮೆ ತೆಗೆದು ನೋಡಿ.

ಆದರೂ ಆ ಇಮೇಲ್ ಅಳಿಸಬೇಡಿ. ವಾರ್ಷಿಕ ವರದಿಯಲ್ಲಿ ಪ್ರತಿಯೊಬ್ಬ ನಿರ್ದೇಶಕರ ಸಂಬಳ ಮಧ್ಯಮ ನೌಕರನ (ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವವನ) ಸಂಬಳದ ಎಷ್ಟು ಪಟ್ಟು ಎಂದು ಕೊಟ್ಟಿರುತ್ತಾರೆ. ಪಕ್ಕದಲ್ಲಿ ಮೂರು ವರ್ಷದ ಲಾಭ ಇಟ್ಟುಕೊಂಡು ಓದಿ. ಸಭೆಗೆ ಸರಿಯಾಗಿ ಬಾರದ ಸ್ವತಂತ್ರ ನಿರ್ದೇಶಕರನ್ನೇ (ಆಡಳಿತದ ಹಂಗಿಲ್ಲದೆ ಅದರ ಮೇಲೆ ಕಣ್ಣಿಡಬೇಕಾದವರು) ಮತ್ತೆ ನೇಮಿಸುವ ನಿರ್ಣಯವಿದ್ದರೆ, ಸಂಬಳದ ನಿರ್ಣಯಕ್ಕಿಂತ ಮೊದಲು ಅದಕ್ಕೆ ಬೇಡ ಒತ್ತಿ. ಇ-ವೋಟಿಂಗ್ ಸಾಮಾನ್ಯವಾಗಿ ಮಹಾಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಗಿಯುತ್ತದೆ. ಒಮ್ಮೆ ಒತ್ತಿದ ಮೇಲೆ ಬದಲಿಸಲು ಆಗುವುದಿಲ್ಲ.